ಮೊದಲು ನಂಟು, ಆಮೇಲೆ ಕಾನೂನು

ಕೇಳುಗರಿಗೆ ನಮಸ್ಕಾರ. ಅಮೆರಿಕದ ಮೊಂಟಾನಾ ರಾಜ್ಯಕ್ಕೆ ಸಮುದ್ರವೇ ಇಲ್ಲ. ಆದರೂ ಆ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆ ನಮ್ಮ ಪಕ್ಕದ ಶ್ರೀಲಂಕಾ ಮತ್ತು ಮಾಲ್ಡೀವ್ಸ್‌ಗೆ ಜೊತೆಗಾರ. ಬಾಂಗ್ಲಾದೇಶಕ್ಕೆ ಆರಿಗನ್, ಮಂಗೋಲಿಯಾಕ್ಕೆ ಅಲಾಸ್ಕಾ. ತರಬೇತಿ, ವಿಪತ್ತು ನೆರವಿನಂಥ ಕೆಲಸಕ್ಕೆ ಒಂದು ರಾಜ್ಯದ ಮೀಸಲು ಪಡೆಗೆ ಒಂದು ಹೊರದೇಶ ಅಂತ ಗಂಟು ಹಾಕುವ ಈ ಏರ್ಪಾಡಿಗೆ ಸ್ಟೇಟ್ ಪಾರ್ಟ್‌ನರ್‌ಶಿಪ್ ಪ್ರೋಗ್ರಾಂ ಎಂದು ಹೆಸರು.

ಈ ಗಾರ್ಡ್‌ನವರು ಯಾರು? ನಮ್ಮ ಟೆರಿಟೋರಿಯಲ್ ಆರ್ಮಿಯನ್ನು ನೆನೆಸಿಕೊಳ್ಳಿ, ಬೆಳಗಾವಿಯಲ್ಲೂ ಅದರ ಬೆಟಾಲಿಯನ್ ಇದೆ. ಅದೇ ಥರ ಇವರಲ್ಲೂ ಬಹಳ ಜನ ಮೇಷ್ಟ್ರು, ಪೊಲೀಸರು, ರೈತರು. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ತರಬೇತಿ. ಸಾಮಾನ್ಯ ದಿನಗಳಲ್ಲಿ ರಾಜ್ಯದ ಗವರ್ನರ್ ಮಾತು ಕೇಳುತ್ತಾರೆ, ಅಧ್ಯಕ್ಷರು ಕರೆದರೆ ದೇಶದ ಸೇನೆಯಾಗುತ್ತಾರೆ.

ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತಲ್ಲ, ಆಗ ಬಾಲ್ಟಿಕ್ ದೇಶಗಳಿಗೆ ಹೊಸದಾಗಿ ಸೇನೆ ಕಟ್ಟಬೇಕಿತ್ತು. ಅಮೆರಿಕ ತನ್ನ ಪೂರ್ಣಾವಧಿ ಸೈನಿಕರನ್ನು ಕಳಿಸಿದರೆ ರಷ್ಯಾ ಸಿಟ್ಟಾಗಬಹುದು. ಹಾಗಾಗಿ 1993ರಲ್ಲಿ ಎಸ್ಟೋನಿಯಾಕ್ಕೆ ಮೇರಿಲ್ಯಾಂಡ್, ಲಾಟ್ವಿಯಾಕ್ಕೆ ಮಿಷಿಗನ್, ಲಿಥುವೇನಿಯಾಕ್ಕೆ ಪೆನ್ಸಿಲ್ವೇನಿಯಾ ಗಾರ್ಡ್ ಜೊತೆಯಾದವು. ಅದೇ ವರ್ಷ ಉಕ್ರೇನ್‌ಗೆ ಕ್ಯಾಲಿಫೋರ್ನಿಯಾ. ಈಗ ಇಂಥ ದೇಶಗಳು 100ಕ್ಕೂ ಜಾಸ್ತಿ.

ನನ್ನನ್ನು ಕಾಡುವುದು ಕಾನೂನಿನ ಕಥೆ. ನಂಟು ಶುರುವಾಗಿದ್ದು 1993ರಲ್ಲಿ, ಅದಕ್ಕೇ ಅಂತ ಕಾಯಂ ಕಲಮು ಬಂದದ್ದು 2016ರ ಡಿಸೆಂಬರ್‌ನಲ್ಲಿ ಸಹಿಯಾದ ರಕ್ಷಣಾ ಕಾಯ್ದೆಯಲ್ಲಿ. ಅದೇ ಇವತ್ತು ಅವರ ಸೇನಾ ಸಂಹಿತೆಯ 341ನೇ ಕಲಮು. ಅದು ಬಂದದ್ದು ಒಳ್ಳೆಯದೇ, ಯಾಕೆಂದರೆ ಅದರ ಪ್ರಕಾರ ಯಾವುದೇ ಚಟುವಟಿಕೆಗೆ ಆ ಭಾಗದ ಸೇನಾ ಕಮಾಂಡರ್ ಮತ್ತು ಆ ದೇಶದಲ್ಲಿರುವ ಅಮೆರಿಕದ ರಾಯಭಾರಿ ಇಬ್ಬರೂ ಒಪ್ಪಬೇಕು, ಖರ್ಚು ಎಷ್ಟು, ಮಾಡಿದ್ದೇನು ಅಂತ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ವರದಿ ಕೊಡಬೇಕು. ಆದರೆ ಅದು ಅವರ ಸಂಸತ್ತಿಗೆ ಲೆಕ್ಕ ಕೊಡುವ ಕಾನೂನು. ಎದುರಿಗಿರುವ ದೇಶದ ಜನರಿಗೆ ಲೆಕ್ಕ ಕೊಡುವವರು ಯಾರು?

ನೇಪಾಳದಲ್ಲಿ ಆದದ್ದು ಇದೇ. 2015ರ ಭೂಕಂಪದಲ್ಲಿ ಸಾವಿರಾರು ಜನ ಸತ್ತರು. ಅದೇ ವರ್ಷ, ಮತ್ತೆ 2017ರಲ್ಲಿ, ಈ ಏರ್ಪಾಡಿಗೆ ಸೇರಿಸಿಕೊಳ್ಳಿ ಎಂದು ನೇಪಾಳದಿಂದ ಪತ್ರ ಹೋಯಿತು. 2019ರಲ್ಲಿ ಅಮೆರಿಕ ಒಪ್ಪಿ ಯೂಟಾ ಗಾರ್ಡನ್ನು ಜೊತೆ ಮಾಡಿತು. ಜನಕ್ಕೆ, ಸಂಸತ್ತಿಗೆ ಇದರ ಬಿಸಿ ತಟ್ಟಿದ್ದು 2022ರಲ್ಲಿ. ಇದು ಸೇನಾ ಮೈತ್ರಿಯಾ, ಬರೀ ವಿಪತ್ತು ನೆರವಾ ಅಂತ ದೊಡ್ಡ ಗಲಾಟೆ. ಒಂದು ಕಡೆ ಭಾರತ, ಇನ್ನೊಂದು ಕಡೆ ಚೀನಾ ಇರುವ ದೇಶ ಅದು, ಗಾಬರಿಯಾಗೋದು ಸಹಜ ಅಲ್ವಾ? ಕೊನೆಗೆ ಆ ವರ್ಷದ ಜೂನ್‌ನಲ್ಲಿ ಸರ್ಕಾರ ಮುಂದುವರಿಯುವುದಿಲ್ಲ ಎಂದು ತೀರ್ಮಾನಿಸಿತು.

ಅವಶೇಷಗಳಡಿ ಸಿಕ್ಕಿಕೊಂಡವರನ್ನು ಎತ್ತುವ ತರಬೇತಿ ನೇಪಾಳಕ್ಕೆ ನಿಜವಾಗಿಯೂ ಬೇಕಿತ್ತು. ಅದು ಕೈತಪ್ಪಿದ್ದಕ್ಕೆ ನನಗೆ ಬೇಸರವಿದೆ. ಮೊದಲ ಪತ್ರ ಹೋಗುವ ಮುಂಚೆಯೇ ಸಂಸತ್ತಿನಲ್ಲಿ ಅದನ್ನು ಓದಿ, ಯಾವ ಕೆಲಸಕ್ಕೆ, ಎಷ್ಟು ಜನ, ಎಷ್ಟು ದಿನ ಅಂತ ಬರೆದಿಟ್ಟು ಮತ ಹಾಕಿದ್ದರೆ ಯೂಟಾದವರು ಬರಬೇಕೋ ಬೇಡವೋ ಎಂಬುದನ್ನು ನೇಪಾಳದ ಜನಪ್ರತಿನಿಧಿಗಳೇ ಏಳು ವರ್ಷ ಮೊದಲು ತೀರ್ಮಾನಿಸುತ್ತಿದ್ದರು.