‘ಲೈಟ್’ ಕಾಯಿಹಾಲಿಗೆ ದುಡ್ಡು ಯಾಕೆ?

ನಮಸ್ಕಾರ. ಇವತ್ತು ಕಾಯಿಹಾಲಿನ ವಿಷಯ. ಅಂಗಡಿಗೆ ಹೋದರೆ ಡಬ್ಬಿ, ಟೆಟ್ರಾ ಪ್ಯಾಕ್, ಪುಡಿ, ಕ್ರೀಮ್, ‘ಲೈಟ್’, ಎಲ್ಲಾ ಇದೆ. ಯಾವುದು ತಗೊಳ್ಳಬೇಕು? ಮೊದಲು ಒಂದು ಮಾತು ಹೇಳಿಬಿಡುತ್ತೇನೆ: ‘ಲೈಟ್’ಗೆ ಮಾತ್ರ ದುಡ್ಡು ಹಾಕಬೇಡಿ.

ಕೋಡೆಕ್ಸ್ ಅನ್ನುವ ಅಂತಾರಾಷ್ಟ್ರೀಯ ಆಹಾರ ಮಾನದಂಡ ಇದೆ. ಅದರ ಪ್ರಕಾರ ತೆಂಗಿನ ಕ್ರೀಮ್‌ನಲ್ಲಿ ಕನಿಷ್ಠ 20% ಕೊಬ್ಬು ಇರಬೇಕು, ಹಾಲಿನಲ್ಲಿ 10%, ಲೈಟ್‌ನಲ್ಲಿ 5%. ಅಂದರೆ ಲೈಟ್‌ನಲ್ಲಿ ಕಾಯಿ ಕಡಿಮೆ, ನೀರು ಜಾಸ್ತಿ. ಅಷ್ಟೇ ಅಲ್ವಾ? ಆ ನೀರು ನಮ್ಮ ಮನೆಯಲ್ಲೇ ಇದೆ. ಕಾಯಿತುರಿ ರುಬ್ಬಿ ಹಿಂಡಿದರೆ ಗಟ್ಟಿ ಹಾಲು. ಅದೇ ತುರಿಗೆ ಬಿಸಿನೀರು ಹಾಕಿ ಇನ್ನೊಂದು ಸಲ ಹಿಂಡಿದರೆ ನೀರು ಹಾಲು. ನಮ್ಮ ಅಜ್ಜಿಯರ ‘ಲೈಟ್’ ಅದೇ.

ಎರಡಕ್ಕೂ ಬೇರೆ ಬೇರೆ ಕೆಲಸ. ಹೆಸರುಬೇಳೆ ಪಾಯಸ ನೋಡಿ. ಬೇಳೆ ಬೇಯುವುದು ನೀರು ಹಾಲಿನಲ್ಲಿ. ಬೆಲ್ಲ ಕರಗಿ, ಏಲಕ್ಕಿ ಬಿದ್ದ ಮೇಲೆ, ಕೊನೆಗೆ ಗಟ್ಟಿ ಹಾಲು. ಉರಿ ಸಣ್ಣಗಿರಬೇಕು. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡ ತಕ್ಷಣ ಒಲೆ ಆರಿಸಿ. ಕೊತಕೊತ ಕುದಿಸಿದರೆ ಹಾಲು ಒಡೆದು ಎಣ್ಣೆ ಮೇಲೆ ಬರುತ್ತದೆ.

ಪಾಯಸ, ರಸಾಯನ, ಒತ್ತು ಶ್ಯಾವಿಗೆಯ ಜೊತೆಗಿನ ಕಾಯಿಹಾಲು, ಇವಕ್ಕೆ ತಾಜಾ ಹಾಲೇ ಆಗಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಪ್ಯಾಕೆಟ್ ಹಾಲು ಕೆಡದಿರಲಿ ಅಂತ ಜೋರಾಗಿ ಬಿಸಿ ಮಾಡಿರುತ್ತಾರೆ, ಆ ಬೆಂದ ವಾಸನೆ ಸಿಹಿಯಲ್ಲಿ ಎದ್ದು ಕಾಣುತ್ತದೆ. ಕೋಳಿ ಗಸಿಗಾದರೆ ಪ್ಯಾಕೆಟ್ ಧಾರಾಳವಾಗಿ ಸಾಕು. ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಯ ಮುಂದೆ ಆ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ.

ಡಬ್ಬಿಯ ಮೇಲೆ ಗೌರ್ ಗಮ್ ಅಂತ ಕಂಡರೆ ಹೆದರಬೇಡಿ. ಅದು ಗೋರಿಕಾಯಿ ಬೀಜದಿಂದ ಬರುವ ಅಂಟು, ಹಾಲು ಬೇರ್ಪಡದಿರಲಿ ಅಂತ ಹಾಕುತ್ತಾರೆ. ಪುಡಿ ಕೊಳ್ಳುವಾಗ ಮಾತ್ರ ಹುಷಾರು. ಎಷ್ಟೋ ಪುಡಿಗಳಲ್ಲಿ ಸೋಡಿಯಂ ಕೇಸಿನೇಟ್ ಇರುತ್ತದೆ, ಅದು ಹಸುವಿನ ಹಾಲಿನ ಪ್ರೋಟೀನ್. ಹಾಲಿನ ಅಲರ್ಜಿ ಇರುವ ಮಗುವಿಗೆ ಕಾಯಿಹಾಲು ಅಂತ ನಂಬಿ ಅದನ್ನೇ ಕೊಟ್ಟರೆ ಅಪಾಯ. ದಯವಿಟ್ಟು ಲೇಬಲ್ ಓದಿ. ಇನ್ನು ಕುಡಿಯಲು ಅಂತ ಮಾರುವ ತೆಂಗಿನ ಹಾಲಿನಲ್ಲಿ ಬಹುಪಾಲು ನೀರೇ. ಗಸಿಗೆ ಅದು ಆಗದು.

ಈಗ ಆರೋಗ್ಯ. ಗಟ್ಟಿ ಹಾಲಿನ 100 ಗ್ರಾಂನಲ್ಲಿ 20 ಗ್ರಾಂಗೂ ಜಾಸ್ತಿ ಕೊಬ್ಬು ಇರಬಹುದು. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಸ್ಯಾಚುರೇಟೆಡ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಬಗೆಯ ಕೊಬ್ಬು. ವಿಶ್ವ ಆರೋಗ್ಯ ಸಂಸ್ಥೆ ಈ ಕೊಬ್ಬಿಗೆ ಹೇಳುವ ಮಿತಿ ಲೆಕ್ಕ ಹಾಕಿದರೆ, 2000 ಕ್ಯಾಲೊರಿ ಊಟಕ್ಕೆ ದಿನಕ್ಕೆ ಸುಮಾರು 22 ಗ್ರಾಂ. ಒಂದು ಲೋಟ ಗಟ್ಟಿ ಹಾಲು ಕುಡಿದರೆ ಆ ಮಿತಿ ದಾಟಿಹೋಯಿತು. ಕಾಯಿಯ ಕೊಬ್ಬಿನಲ್ಲಿ ಲಾರಿಕ್ ಆಮ್ಲ ಅನ್ನುವ ಅಂಶ ಇದೆ, ಒಳ್ಳೆಯ ಕೊಲೆಸ್ಟ್ರಾಲ್ ಏರಿಸುತ್ತದೆ ಅನ್ನುತ್ತಾರೆ. ನಿಜ. ಆದರೆ ಅದು ಕೆಟ್ಟದ್ದನ್ನೂ ಏರಿಸುತ್ತದೆ, ಅದನ್ನು ಯಾಕೆ ಹೇಳುವುದಿಲ್ಲ? ತಾಜಾ ಆದರೂ ಡಬ್ಬಿ ಆದರೂ ಕೊಬ್ಬು ಕೊಬ್ಬೇ.

ಹಾಗಂತ ಬಿಡಬೇಕಿಲ್ಲ. ಕೊಲೆಸ್ಟ್ರಾಲ್ ಇರುವವರ ಮನೆಯಲ್ಲಿ ದಿನದ ಅಡುಗೆ ನೀರು ಹಾಲಿನಲ್ಲೇ ಆಗಲಿ. ಗಟ್ಟಿ ಹಾಲನ್ನು ಐಸ್ ಟ್ರೇಗೆ ಸುರಿದು ಫ್ರೀಜರ್‌ನಲ್ಲಿಡಿ. ಇಳಿಸುವ ಮುಂಚೆ ಒಂದೆರಡು ತುಂಡು ಹಾಕಿದರೆ ರುಚಿಗೆ ಸಾಕಾಗುತ್ತದೆ.