ಹೈಡ್ರೋಜನ್ ಕಾರಿನ ಟ್ಯಾಂಕು: ಹಿಡಿದಿಡುವುದು, ಬಿಟ್ಟುಬಿಡುವುದು

ಕೇಳುಗರಿಗೆ ನಮಸ್ಕಾರ.

ಒಂದು ಕಿಲೋ ಹೈಡ್ರೋಜನ್ನಿನಲ್ಲಿ ಅಷ್ಟೇ ತೂಕದ ಪೆಟ್ರೋಲಿಗಿಂತ ಸುಮಾರು ಎರಡೂವರೆ ಪಟ್ಟಿಗೂ ಹೆಚ್ಚು ಶಕ್ತಿಯಿದೆ. ಆದರೆ ಸಾಮಾನ್ಯ ಒತ್ತಡದಲ್ಲಿ ಆ ಒಂದು ಕಿಲೋ ಅನಿಲಕ್ಕೆ 11 ಸಾವಿರ ಲೀಟರಿಗೂ ಹೆಚ್ಚು ಜಾಗ ಬೇಕು. ಆದ್ದರಿಂದಲೇ, 2014ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಮಿರಾಯ್ ಕಾರಿನ ಎರಡು ಟ್ಯಾಂಕುಗಳಲ್ಲಿ ಸುಮಾರು ಐದು ಕಿಲೋ ಅನಿಲವನ್ನು ವಾತಾವರಣದ 700 ಪಟ್ಟಿನಷ್ಟು ಒತ್ತಡದಲ್ಲಿ ಅದುಮಿಡಲಾಯಿತು.

ಇಷ್ಟು ಒತ್ತಡವನ್ನು ಉಕ್ಕಿನ ಸಿಲಿಂಡರಿನಿಂದ ತಡೆಯಹೊರಟರೆ ಕಾರಿಗೆ ಅದರ ಭಾರವೇ ಹೆಚ್ಚಾಗುತ್ತದೆ. ಹೈಡ್ರೋಜನ್ನಿನ ಪುಟ್ಟ ಪರಮಾಣುಗಳು ಲೋಹದೊಳಗೆ ನುಸುಳಿ, ಕೆಲವು ಬಗೆಯ ಉಕ್ಕನ್ನು ಪೆಡಸಾಗಿಸಿ ಬಿರುಕು ಬಿಡಿಸುವುದೂ ಉಂಟು. ಹೀಗಾಗಿ ಮಿರಾಯ್ ಟ್ಯಾಂಕಿನ ಒಳಪದರ ಪ್ಲಾಸ್ಟಿಕ್ಕಿನದು. ಅನಿಲ ಸೋರದಂತೆ ತಡೆಯುವುದಷ್ಟೇ ಅದರ ಕೆಲಸ. ಒತ್ತಡವನ್ನು ತಾಳುವುದು, ಅದರ ಮೇಲೆ ಬಿಗಿಯಾಗಿ ಸುತ್ತಿ ರಾಳದಿಂದ ಗಟ್ಟಿಗೊಳಿಸಿದ ಕಾರ್ಬನ್ ನಾರು. 2013ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ವಾಹನ ನಿಯಮದ ಪ್ರಕಾರ, ಇಂಥ ಹೊಸ ಟ್ಯಾಂಕು ತನ್ನ ನಿಗದಿತ ಒತ್ತಡದ ಎರಡೂಕಾಲು ಪಟ್ಟಿನವರೆಗೂ ಒಡೆಯದೆ ನಿಲ್ಲಬೇಕಾಗಿತ್ತು.

ಟ್ಯಾಂಕು ಗಟ್ಟಿಯಾಗಿದ್ದರೆ ಸಾಕೆಂದು ಹಲವರು ತಿಳಿಯುತ್ತಾರೆ. ಸಾಲದು. ಕಾರಿಗೆ ಬೆಂಕಿ ಬಿದ್ದಿತೆನ್ನೋಣ. ಕಾರ್ಬನ್ ನಾರಿನ ಕವಚದ ಮೂಲಕ ಶಾಖ ಬೇಗ ಒಳಗಿಳಿಯುವುದಿಲ್ಲವಾದ್ದರಿಂದ ಅನಿಲದ ಒತ್ತಡ ನಿಧಾನವಾಗಿ ಏರುತ್ತದೆ. ಅಷ್ಟರಲ್ಲಿ ಹೊರಗಿನ ರಾಳ ಸುಟ್ಟು ಕವಚವೇ ದುರ್ಬಲವಾಗತೊಡಗುತ್ತದೆ. ಒತ್ತಡ ಹೆಚ್ಚಿದಾಗ ಮಾತ್ರ ತೆರೆಯುವ ಕವಾಟ ಇಲ್ಲಿ ತಡವಾಗಿಬಿಡಬಹುದು, ಅರ್ಧ ಖಾಲಿಯಾದ ಟ್ಯಾಂಕಿನಲ್ಲಂತೂ ತೆರೆಯದೆಯೇ ಉಳಿಯಬಹುದು. ಆದ್ದರಿಂದ ಟ್ಯಾಂಕಿನ ಬಾಯಲ್ಲಿ ಶಾಖಕ್ಕೆ ಸ್ಪಂದಿಸುವ ಒಂದು ಪುಟ್ಟ ಕವಾಟವಿರುತ್ತದೆ. ಸುಮಾರು 110 ಡಿಗ್ರಿ ಸೆಲ್ಸಿಯಸ್ಸಿಗೆ ಅದು ತೆರೆದುಕೊಂಡು, ಅನಿಲವನ್ನು ನಿಗದಿತ ದಿಕ್ಕಿನಲ್ಲಿ ಹೊರಗೆ ಬಿಡುತ್ತದೆ. ಒಮ್ಮೆ ತೆರೆದರೆ ಮತ್ತೆ ಮುಚ್ಚುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಭಾಗ ಇದೇ.

ಹೊರಬಂದ ಅನಿಲ ಗಾಳಿಗಿಂತ ಸುಮಾರು 14 ಪಟ್ಟು ಹಗುರ. ಬಯಲಿನಲ್ಲಿ ಅದು ಬೇಗ ಮೇಲೇರಿ ಚದುರಿಹೋಗುತ್ತದೆ. ಆದರೆ ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಬೆರೆತಾಗ ಅದು ಹೊತ್ತಿಕೊಳ್ಳಬಲ್ಲದು, ಅದಕ್ಕೆ ತೀರ ಸಣ್ಣ ಕಿಡಿಯೂ ಸಾಕು. ಅಡುಗೆ ಅನಿಲ ಸೋರಿದರೆ ನೆಲದಲ್ಲಿ ಹರಡುತ್ತದೆ. ಹೈಡ್ರೋಜನ್ ಸೂರಿನಡಿ ಸೇರುತ್ತದೆ. ನಮ್ಮ ನಗರಗಳ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಮುಂದೊಂದು ದಿನ ಇಂಥ ಕಾರುಗಳು ನಿಲ್ಲುವುದಾದರೆ, ಗಾಳಿಯ ಕಿಂಡಿಗಳೂ ಅನಿಲ ಪತ್ತೆಹಚ್ಚುವ ಉಪಕರಣಗಳೂ ಚಾವಣಿಗೆ ತಾಗಿದಂತೆಯೇ ಇರಬೇಕು, ಮತ್ತು ಅದನ್ನು ಕಟ್ಟಡದ ನಕ್ಷೆ ಬರೆಯುವಾಗಲೇ ನಿರ್ಧರಿಸಬೇಕು.