ಇಪ್ಪತ್ತು ಪರ್ಸೆಂಟ್, ಸರಿ. ಯಾವುದರ ಮೇಲೆ?

(ಶಿರಸಿಯಲ್ಲಿ ಕಿರಾಣಿ ವ್ಯಾಪಾರಿಗಳ ಮುಂದೆ ಆಡಿದ ಮಾತು)

ನಮಸ್ಕಾರ. ಮಗನನ್ನು ಗಲ್ಲಾದ ಮೇಲೆ ಕೂರಿಸಿ ಬಂದವರ ಕಣ್ಣು ಗಡಿಯಾರದ ಮೇಲಿದೆ, ಕಾಣ್ತಾ ಇದೆ. ಬೇಗ ಬಿಡ್ತೇನೆ.

'ಮಾರ್ಜಿನ್ ಎಷ್ಟು?' ಅಂತ ಕೇಳಿದರೆ ನಮ್ಮಲ್ಲಿ ಎಲ್ಲರದ್ದೂ ಒಂದೇ ಉತ್ತರ, ಇಪ್ಪತ್ತು ಪರ್ಸೆಂಟ್. ಯಾವುದರ ಮೇಲೆ? 80ಕ್ಕೆ ತಂದು 100ಕ್ಕೆ ಮಾರಿದರೆ ಉಳಿದದ್ದು 20. ಅಸಲಿನ ಮೇಲೆ ಅದು ಶೇ 25, ಮಾರಿದ ಬೆಲೆಯ ಮೇಲೆ ಶೇ 20. ಮಾರ್ಜಿನ್ ಅನ್ನೋದು ಈ ಎರಡನೆಯದು. 100ಕ್ಕೆ ತಂದು 120ಕ್ಕೆ ಮಾರುವವನ ಮಾರ್ಜಿನ್ ಶೇ 17ಕ್ಕೂ ಕಮ್ಮಿ.

ಇದನ್ನು ನಾನು ಕಲಿತದ್ದು ಮಾರಿಕಾಂಬೆ ಜಾತ್ರೆಯಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ನಾನು ಹೊಸ ವ್ಯಾಪಾರಿ, ಹುರುಪು ಕೇಳಬೇಡಿ. ಹುಬ್ಬಳ್ಳಿಯಿಂದ ಉದ್ರಿ ಮೇಲೆ ಬೆಲ್ಲ, ಶೇಂಗಾ, ಉತ್ತತ್ತಿ ತರಿಸಿದೆ. ಅಸಲಿಗೆ ಶೇ 20 ಸೇರಿಸಿ ಚೀಟಿ ಅಂಟಿಸಿದೆ. ಎದುರಂಗಡಿಯಲ್ಲಿ ಜನ ಮುಗಿಬಿದ್ದದ್ದು ನೋಡಿ ತಡೆಯಲಾಗಲಿಲ್ಲ, 'ಶೇ 20 ರಿಯಾಯಿತಿ' ಅಂತ ಬೋರ್ಡು ಬರೆಸಿದೆ. ಸೇರಿಸಿದ್ದೂ ಇಪ್ಪತ್ತು, ಬಿಟ್ಟದ್ದೂ ಇಪ್ಪತ್ತು, ಕೈ ಕಚ್ಚೋದಿಲ್ಲ ಅಂತ ನನ್ನ ಲೆಕ್ಕ. ಗಲ್ಲಾ ಮುಚ್ಚಲು ಆಗದಷ್ಟು ನೋಟು! ಹೆಂಡತಿ ಎಣಿಸಿ ಎಣಿಸಿ ಸುಸ್ತಾಗಿ, 'ಈ ಸಲ ಬಳೆ ಮಾಡಿಸಿ' ಅಂದಳು. ತೇರು ಹೋಯಿತು, ಗದ್ದುಗೆ ಇಳಿಯಿತು, ಹುಬ್ಬಳ್ಳಿಯವರು ದುಡ್ಡಿಗೆ ಬಂದರು. ಗಲ್ಲಾದಲ್ಲಿ ಇದ್ದದ್ದು ಸಾಲಲಿಲ್ಲ. 120ರ ಶೇ 20 ಅಂದರೆ 24. ನೂರರ ಮಾಲು 96ಕ್ಕೆ ಕೊಟ್ಟಿದ್ದೆ. ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ! ಲಾರಿ ಬಾಡಿಗೆ, ಹಮಾಲಿ ಆಮೇಲಿನ ಮಾತು. ಬಳೆ ವಿಷಯ ಇವತ್ತಿಗೂ ಬರ್ತದೆ.

ಹಾಗಂತ ಮಾರ್ಜಿನ್ ಕಮ್ಮಿ ಇದ್ದದ್ದೆಲ್ಲ ಕೆಟ್ಟ ಮಾಲಲ್ಲ. 10,000 ರೂಪಾಯಿ ಸಕ್ಕರೆಗೆ ಹಾಕಿ, ಒಂದು ಸುತ್ತಿಗೆ 300 ಸಿಕ್ಕಿತು ಅಂತಿಟ್ಟುಕೊಳ್ಳಿ. ವರ್ಷಕ್ಕೆ 40 ಸುತ್ತು ತಿರುಗಿದರೆ 12,000. ಅದೇ ದುಡ್ಡು ಚೆಂದದ ಬಾಟಲಿಯ ಸಾಸಿಗೆ ಹಾಕಿ, ಸುತ್ತಿಗೆ 3,000 ಸಿಕ್ಕರೂ ಎರಡೇ ಸಲ ತಿರುಗಿದರೆ 6,000. ಸಾಸು ಧೂಳು ಹಿಡಿದು ನಮ್ಮನ್ನೇ ನೋಡ್ತಾ ಕೂರ್ತದೆ.

ಚೀಟಿ ಬಂತು, ಹತ್ತು ನಿಮಿಷವಂತೆ. ಹಾಗಾದರೆ ಜಿಎಸ್‌ಟಿ ಒಂದೇ ಮಾತು: ಬಿಲ್ಲಿನಲ್ಲಿ ವಸೂಲು ಮಾಡಿದ ತೆರಿಗೆ ನಿಮ್ಮ ಮಾರಾಟವಲ್ಲ, ತೆಗೆದಿಟ್ಟು ಲೆಕ್ಕ ಮಾಡಿ.

ತಿಂಗಳ ಲೆಕ್ಕ ಹೀಗೆ. ಮೊದಲಿದ್ದ ಮಾಲು 2,00,000, ತಂದದ್ದು 5,00,000, ಕೊನೆಗೆ ಉಳಿದದ್ದು 2,20,000. ಮಾರಿಹೋದ ಮಾಲಿನ ಅಸಲು 4,80,000. ಮಾರಾಟ 5,40,000 ಆದರೆ ಒಟ್ಟು ಲಾಭ 60,000. ಯಾವುದರ ಮೇಲೆ? (ಹಿಂದಿನಿಂದ: 'ಮಾರಾಟದ ಮೇಲೆ!') ಹಾಂ, ಶೇ 11 ಚಿಲ್ಲರೆ. ಬಾಡಿಗೆ, ಕರೆಂಟು, ಹುಡುಗನ ಸಂಬಳ ಇದರಿಂದಲೇ ಹೋಗಬೇಕು. ಉಳಿದ ಮಾಲನ್ನು ಅಂದಾಜಿಗೆ ಬರೆಯಬೇಡಿ, ತೂಗಿ. ನಮ್ಮ ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದೆ, ಕುಮಟಾ ಈರುಳ್ಳಿ ಜಡೆ ಕಟ್ಟಿದಲ್ಲೇ ಕೊಳೆಯುತ್ತದೆ. ಇಲಿ ತಿಂದದ್ದಕ್ಕೆ ಯಾರೂ ಬಿಲ್ ಹಾಕೋದಿಲ್ಲ.

ಉದ್ರಿ ಬಗ್ಗೆ ಎರಡು ಹಾಳೆ ಬರೆದು ತಂದಿದ್ದೆ, ಬಿಡಿ. ಅದರಲ್ಲಿ ಹೆಸರಿದ್ದ ಒಬ್ಬರು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಚಹಾ ಹೊತ್ತಿಗೆ ಸಿಗ್ತೇನೆ.